ಬಾವಿಗಿಳಿಸಿದ ಬಾರ್ಲಿ ರಸ

ಗೆಳೆಯರೇ, ಇವತ್ತು ನಾವಿಬ್ಬರೂ ಜೈಲಿಗೆ ಹೋಗುವುದು ಸ್ವಲ್ಪದರಲ್ಲೇ ತಪ್ಪಿತು.

ವಡೋದರಾದಲ್ಲಿ ರಿಫೈನರಿ ಕಟ್ಟಲು ಬಂದಿರುವ ರಷ್ಯನ್ ಇಂಜಿನಿಯರೊಬ್ಬ, ನನ್ನ ಜೊತೆ ರೂಮಿನಲ್ಲಿರುವ ಮಂಗಳೂರಿನ ಶೆಣೈಗೆ ಬಿಯರ್ ಮಾಡುವುದನ್ನು ಹೇಳಿಕೊಟ್ಟಿದ್ದಾನೆ. ಮೊಳಕೆ ಬರಿಸಿದ ಬಾರ್ಲಿಯನ್ನು ಕುದಿಸಿ, ಸೋಸಿದ ರಸವನ್ನು ಬೇಗ ತಣ್ಣಗೆ ಮಾಡಿ ಈಸ್ಟ್ ಹಾಕಬೇಕಂತೆ. ತಡವಾದರೆ ಕೆಡುತ್ತದಂತೆ. ಪಾನನಿಷೇಧವಿರುವ ಊರಲ್ಲಿ ಐಸ್ ಗಡ್ಡೆ ಹೊತ್ತು ತಂದರೆ ಬೀದಿಯೆಲ್ಲ ಯಾಕೆ ಅಂತ ಕೇಳುತ್ತದೆ.

“ಬಾವಿ ಉಂಟಲ್ಲ ಮಾರಾಯ!” ಎಂದ ಶೆಣೈ.

ಬಿಸಿ ರಸವನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಹಗ್ಗ ಕಟ್ಟಿ, ಹಿತ್ತಲ ಬಾವಿಗೆ ಇಳಿಬಿಟ್ಟೆವು.

ನೀರು ಸೇದಲು ಬಂದ ಮನೆಯೊಡತಿ ಕಾಂತಾಬೆನ್ ಆ ಹಗ್ಗವನ್ನೂ ಮೇಲೆಳೆದರು. ಮುಚ್ಚಳ ತೆಗೆದು ಮೂಸಿದವರೇ ಗಂಡನನ್ನು ಕೂಗಿದರು. ಗಂಡ ಪೊಲೀಸ್ ಜಮಾದಾರ್. ಕಳ್ಳಭಟ್ಟಿ ಹಿಡಿಯುವುದೇ ಅವರ ಕೆಲಸ.

“ಆ ಶೂಂ ಛೇ? ಏನಿದು?” ಎಂದರು ಜಮಾದಾರರು.

“ಬಾರ್ಲಿ ನೀರು, ಕಾಕಾ,” ಎಂದ ಶೆಣೈ. ಈಸ್ಟ್ ಇನ್ನೂ ಬಿದ್ದಿರಲಿಲ್ಲ, ಹಾಗಾಗಿ ಅದು ಸುಳ್ಳೂ ಅಲ್ಲ.

ಕಾಕಾ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. “ಕಿಡ್ನಿಯ ಕಲ್ಲಿಗೆ ಡಾಕ್ಟರು ಇದನ್ನೇ ಕುಡಿ ಅಂದಿದ್ದಾರೆ. ಇವಳು ಮಾಡಿದ್ದು ಗಂಟಲಲ್ಲಿ ಇಳಿಯೋದೇ ಇಲ್ಲ. ಇದೆಷ್ಟು ಸಿಹಿ, ಎಷ್ಟು ತಂಪು!”

ಡಬ್ಬಿ ಎತ್ತಿಕೊಂಡು ಒಳಗೆ ಹೋದರು. “ಮುಂದಿನ ಭಾನುವಾರವೂ ಮಾಡಿ,” ಎಂದು ಅಲ್ಲಿಂದಲೇ ಕೂಗಿದರು.

ಪೊಲೀಸರು ಮಾಲನ್ನೆಲ್ಲ ಜಪ್ತಿ ಮಾಡಿದ್ದಾರೆ. ಈಗ ವರಾಂಡದಲ್ಲಿ ಕೂತು ಸಾಕ್ಷ್ಯ ಕುಡಿಯುತ್ತಿದ್ದಾರೆ.