ಎಲ್ಡನ್ ಕೈಯ ಕಾಫಿ

ಸೋಮವಾರ ಬೆಳಗಿನ ಜಾವ. ಟೊಲೀಡೊ ಗ್ಲಾಸ್‌ಮೆನ್ ಫುಟ್‌ಬಾಲ್ ತಂಡದ ಅಭ್ಯಾಸ ಕಟ್ಟಡದ ಹಿಂಬಾಗಿಲಲ್ಲಿ ಎಲ್ಡನ್ ಪ್ರೂಯಿಟ್ ನಿಂತಿದ್ದಾರೆ. ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಒಂದರೊಳಗೊಂದು ಸೇರಿಸಿದ ಕಾಗದದ ಲೋಟಗಳು. ಸರೋವರದ ಕಡೆಯ ಗಾಳಿಗೆ ಅವರ ಕಣ್ಣಲ್ಲಿ ನೀರು ಇಳಿಯುತ್ತಿದೆ. ಒರೆಸಿಕೊಳ್ಳಲು ಕೈ ಖಾಲಿಯಿಲ್ಲ.

ನಿನ್ನೆ ತಂಡ ಮತ್ತೆ ಸೋತಿದೆ. ಆಟಗಾರರು ಒಬ್ಬೊಬ್ಬರಾಗಿ ಕಾರಿನಿಂದ ಇಳಿದು ಕುಂಟುತ್ತ ಬರುತ್ತಾರೆ. ಬಾಗಿಲಲ್ಲಿ ಎಲ್ಡನ್ ಕಂಡೊಡನೆ ಅವರ ನಡಿಗೆ ಬದಲಾಗುತ್ತದೆ. ಒಬ್ಬ ಫೋನನ್ನು ಕಿವಿಗಿಡುತ್ತಾನೆ. ಆ ಕಡೆ ಯಾರೂ ಇಲ್ಲ. ಇನ್ನೊಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಳ್ಳುತ್ತಾನೆ.

"ಕಾಫಿ?"

"ಬೇಡಪ್ಪಾ ಬೇಡ. ನಿನ್ನ ಕಾಫಿ ನಿನ್ನ ಹತ್ರಾನೇ ಇರ್ಲಿ ಮಾಮಾ," ದಡೂತಿ ಆಳೊಬ್ಬ ಗೋಡೆಗೆ ಬೆನ್ನುಜ್ಜಿಕೊಂಡು ಒಳಗೆ ನುಸುಳುತ್ತಾನೆ. "ನನ್ನ ಹೆಂಡ್ತಿ ಈಗಷ್ಟೇ ಹೊಸಾ ಸೋಫಾ ತಂದಿದಾಳೆ. ಈ ವಾರ ನನ್ನ ಕಡೆ ನೋಡ್ಲೂಬೇಡ."

"ನೋಡಿಲ್ಲ ಕಣೋ. ಹೋಗಿ ಸೋಫಾ ಮೇಲೆ ಕೂತ್ಕೋ."

ಕೊನೆಗೆ ಬ್ರೆನ್ನನ್ ಬರುತ್ತಾನೆ. ನಿನ್ನೆ ಕೊನೆಯ ಗಳಿಗೆಯಲ್ಲಿ ಚೆಂಡನ್ನು ಕಂಬದ ಹೊರಗೆ ಒದ್ದವನು. ಎಲ್ಡನ್ ಅವನಿಗೆ ಕಾಫಿ ಬೇಕೆ ಎಂದು ಕೇಳುವುದಿಲ್ಲ. "ಕೋಚ್ ಕರೀತಿದಾರೆ. ನಿನ್ನ ಟ್ಯಾಬ್ಲೆಟ್ ತಗೊಂಡು ಹೋಗಪ್ಪ," ಎನ್ನುತ್ತಾರೆ. ತಂಡದ ಆಟದ ತಂತ್ರಗಳೆಲ್ಲ ಇರುವುದು ಆ ಟ್ಯಾಬ್ಲೆಟ್‌ನಲ್ಲಿ. ಅದನ್ನು ಹಿಂತಿರುಗಿಸಲು ಕರೆದರೆ ತಂಡದಿಂದ ತೆಗೆದರೆಂದೇ ಅರ್ಥ. ಬ್ರೆನ್ನನ್ ತಲೆಯಾಡಿಸುತ್ತಾನೆ. ಆಮೇಲೆ ತಾನಾಗಿಯೇ ಕೈಚಾಚಿ ಲೋಟ ಇಸಿದುಕೊಂಡು, ಅಲ್ಲೇ ನಿಂತು ಕುಡಿಯುತ್ತಾನೆ.

ಅಮೆರಿಕನ್ ಫುಟ್‌ಬಾಲ್ ಆಡುವ ಪ್ರತಿಯೊಂದು ತಂಡದಲ್ಲೂ ಹೀಗೊಬ್ಬರು ಇರುತ್ತಾರೆ. ತೆಗೆದುಹಾಕುವ ತೀರ್ಮಾನ ಅವರದಲ್ಲ, ಕರೆಯುವ ಕೆಲಸ ಮಾತ್ರ ಅವರದು. ಇಲ್ಲಿಯ ಹುಡುಗರು ಎಲ್ಡನ್‌ಗೆ ಇಟ್ಟಿರುವ ಹೆಸರು 'ಕೊಡಲಿ'. ಕೊಡಲಿಯ ಕೈಯಿಂದ ತಂಡದಲ್ಲಿರುವ ಆಟಗಾರ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕಾಫಿ ಬೇಡ, ಪೆನ್ನು ಬೇಡ, ಬಿದ್ದ ಕೈಗವಸನ್ನು ಅವರು ಎತ್ತಿಕೊಟ್ಟರೆ ಅದೂ ಬೇಡ. ತೆಗೆದುಕೊಂಡರೆ ಮುಂದಿನ ಸರದಿ ತನ್ನದು ಎಂಬ ನಂಬಿಕೆ. ಕೆಲಸ ಕಳೆದುಕೊಂಡವನು ಮಾತ್ರ ತೆಗೆದುಕೊಳ್ಳುತ್ತಾನೆ. ಅವನಿಗೆ ಇನ್ನು ಹೆದರಲು ಏನಿದೆ?

"ಬೇಜಾರು ಯಾಕೆ ಮಾಡ್ಕೊಳ್ಳೋದು," ಎನ್ನುತ್ತಾರೆ ಎಲ್ಡನ್. "ನಾನೂ ತಗೋತಿರ್ಲಿಲ್ಲ. ಹುಡುಗನಾಗಿದ್ದಾಗ ಇದೇ ತಂಡದ ಶಿಬಿರಕ್ಕೆ ಆಡೋಕೆ ಅಂತ ಬಂದಿದ್ದೆ. ಆಗ ಈ ಕೆಲಸ ಮಾಡ್ತಿದ್ದ ಮುದುಕ ಊಟದ ಸಾಲಲ್ಲಿ ಉಪ್ಪು ಕೊಟ್ಟ. ನಾನು ಉಪ್ಪಿಲ್ದೇ ತಿಂದೆ. ಆದ್ರೂ ಮೂರನೇ ದಿನಕ್ಕೆ ಬಾಗ್ಲು ತಟ್ಟಿದ."

ಆಗ ಅವರು ಊರಿಗೆ ಹಿಂತಿರುಗಲಿಲ್ಲ. ತಂಡದ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದರು, ಆಮೇಲೆ ವ್ಯಾನಿನ ಚಾಲಕರಾದರು. ಮುದುಕ ತೀರಿಕೊಂಡ ಮೇಲೆ ಅವನ ಕೆಲಸ ಯಾರಿಗೂ ಬೇಡವಾಗಿತ್ತು, ಎಲ್ಡನ್ ಒಪ್ಪಿಕೊಂಡರು. ಹೆಂಡತಿ ರೋಸಲೀ ಅಂದಿನಿಂದ ದಿನವೂ ಫ್ಲಾಸ್ಕು ತುಂಬಿಸಿ ಕೊಡುತ್ತಾರೆ. "ಇವರು ಕೊಡೋ ಸುದ್ದಿ ಹೇಗೂ ತಣ್ಣಗಿರತ್ತೆ. ಕಾಫಿಯಾದ್ರೂ ಬಿಸಿಯಾಗಿರ್ಲಿ ಬಿಡಿ," ಎಂಬುದು ಅವರ ಮಾತು.

ಹೋದ ವರ್ಷ ಗ್ಲಾಸ್‌ಮೆನ್ ಗೆದ್ದಿದ್ದು ಮೂರೇ ಆಟ. ಹಳೆಯ ಕೋಚ್ ಮನೆಗೆ ಹೋದರು. ಹೊಸದಾಗಿ ಬಂದ ಸ್ಟ್ರೋಬೆಲ್, ಇನ್ನು ಮುಂದೆ ಯಾರ ಜಾಗವೂ ಭದ್ರವಲ್ಲ ಎಂದು ಸಾರಿದರು. ಊರಿಗೆ ಅದು ಹಿಡಿಸಿತು. ಈಗ ಡಿಸೆಂಬರ್, ಗೆಲುವು ಎರಡಕ್ಕೆ ನಿಂತಿದೆ. ತಂಡದ ಸೋಲಿಗೆ ನಾಚಿಕೊಂಡವರಂತೆ, ಕಣ್ಣಿಗೆ ತೂತು ಮಾಡಿದ ಕಾಗದದ ಚೀಲವನ್ನು ಮುಖಕ್ಕೆ ಹಾಕಿಕೊಂಡು ಜನ ಕ್ರೀಡಾಂಗಣಕ್ಕೆ ಹೋಗುತ್ತಾರೆ. ನಮ್ಮ ಬೀದಿಯ ಪಿರೋಗಿ ಅಂಗಡಿಯಾಕೆ ಕಡುಬು ಕಟ್ಟಿಕೊಡುವಾಗ, "ಚೀಲ ತೂತು ಮಾಡಿದ್ದು ಕೊಡ್ಲಾ, ಮಾಡ್ದೇ ಇರೋದು ಕೊಡ್ಲಾ?" ಎಂದು ಕೇಳುತ್ತಾಳೆ.

ಎಲ್ಡನ್ ಆ ನಗೆಯಲ್ಲಿ ಸೇರುವುದಿಲ್ಲ. ಅವರ ಮನಸ್ಸು ಇನ್ನೂ ಆಗಸ್ಟ್‌ನಲ್ಲಿದೆ. ಅಲ್ಲಿಯ ಒಂದು ದಿನದ ಕತೆಯನ್ನು ಅವರು ವ್ಯಾನ್ ಓಡಿಸುತ್ತ, ರಸ್ತೆಯಿಂದ ಕಣ್ಣು ತೆಗೆಯದೆ, ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಊರಾಚೆಯ ಚಿಕ್ಕ ಕಾಲೇಜೊಂದರ ಹಾಸ್ಟೆಲಿನಲ್ಲಿ ತಂಡದ ಬೇಸಿಗೆ ಶಿಬಿರ. ಅದು ಕೊನೆಯ ದಿನ. ಸಂಜೆ ನಾಲ್ಕರೊಳಗೆ ತಂಡದ ಅಂತಿಮ ಪಟ್ಟಿ ಲೀಗ್ ಕಚೇರಿಗೆ ಹೋಗಬೇಕು. ಲೂಸಿಯಾನದಿಂದ ಬಂದ ಮಾರ್ಕೆಲ್ ಡ್ಯುಪ್ರಿ ಎಂಬ ಹುಡುಗನ ಮೇಲೆ ಯಾರೂ ಭರವಸೆ ಇಟ್ಟಿರಲಿಲ್ಲ. ಅವನು ಬೇಸಿಗೆಯಿಡೀ ಎದುರಾಳಿಗಳನ್ನು ಕೆಡವಿ ಕೆಡವಿ ತಾನೂ ಒಬ್ಬ ಲೈನ್‌ಬ್ಯಾಕರ್ ಎಂದು ತೋರಿಸಿಕೊಟ್ಟಿದ್ದ. ಎಲ್ಡನ್ ಕರೆಯಬೇಕಾದವರಲ್ಲಿ ಅವನ ಹೆಸರಿರಲಿಲ್ಲ. ಅವನು ಉಳಿದಿದ್ದ.

ಬೆಳಿಗ್ಗೆ ಎಲ್ಡನ್ ಒಳಗೆ ಕಾಲಿಡುವಾಗ ಹಾಸ್ಟೆಲಿನ ಮುಂಬಾಗಿಲ ಬಳಿಯ ಮೇಜಿಗೆ ಮಾರ್ಕೆಲ್ ಹೆಸರಿನ ಒಂದು ಪೊಟ್ಟಣ ಬಂದಿತ್ತು. ಅವನ ತಾಯಿ ಮಾಡಿ ಕಳಿಸಿದ ಪೆಕಾನ್ ಬೀಜದ ಮಿಠಾಯಿ. ಆ ಸೆಖೆಗೆ ಮಧ್ಯಾಹ್ನದೊಳಗೆ ಕರಗಿ ಹೋಗುತ್ತಿತ್ತು. ಬೇರೊಬ್ಬನನ್ನು ಕರೆಯಲು ಎಲ್ಡನ್ ಹೋಗಬೇಕಾಗಿದ್ದ ಕೋಣೆ ಅದೇ ಸಾಲಿನ ಕೊನೆಗಿತ್ತು. ಕೊಟ್ಟೇ ಹೋಗೋಣ ಎಂದುಕೊಂಡರು.

"ಕೈಯಲ್ಲಿ ಕೊಟ್ರೆ ತಗೊಳ್ಳಲ್ಲ ಅಂತ ಗೊತ್ತಲ್ಲ. ಅದಕ್ಕೇ ಬಾಗ್ಲ ಮುಂದೆ ನೆಲದ ಮೇಲಿಟ್ಟೆ. ಒಂದ್ಸಲ ತಟ್ಟಿ, ನನ್ನ ಮುಖ ಕಾಣೋದು ಬೇಡ ಅಂತ ಬೇಗ ಬೇಗ ಮುಂದೆ ನಡೆದೆ. ಅವನಿಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು."

ಮಾರ್ಕೆಲ್ ಬಾಗಿಲ ಕಿಂಡಿಯಿಂದ ನೋಡಿದ. ನೆಲದ ಮೇಲಿನ ಪೊಟ್ಟಣ ಕಿಂಡಿಗೆ ಕಾಣುವುದಿಲ್ಲ. ಕಂಡಿದ್ದು ಎಲ್ಡನ್ ಬೆನ್ನು.

ತಟ್ಟಿದ ಸದ್ದಿಗೇ ವಿಷಯ ತಿಳಿದುಹೋಗುವುದಿದೆ. ಅಂಥ ಬಾಗಿಲನ್ನು ತೆರೆಯಲು ಕೈ ಏಳುವುದಿಲ್ಲ.

ಅಭ್ಯಾಸಕ್ಕೆ ಮಾರ್ಕೆಲ್ ಬರಲಿಲ್ಲ. ಹುಡುಕಿಕೊಂಡು ಬಾ ಎಂದು ಎಲ್ಡನ್‌ರನ್ನೇ ಕಳಿಸಿದರು. ಪೊಟ್ಟಣ ಇಟ್ಟಲ್ಲೇ ಇತ್ತು. ಅದನ್ನು ನೋಡಿದ ಕೂಡಲೇ ತಮಗೆ ಎಲ್ಲ ಗೊತ್ತಾಯಿತು ಎನ್ನುತ್ತಾರೆ. ಒಳಗೆ ಹಾಸಿಗೆ ಒಪ್ಪವಾಗಿ ಹಾಸಿತ್ತು. ದಿಂಬಿನ ಮೇಲೆ ಟ್ಯಾಬ್ಲೆಟ್. ನೆಲಮಟ್ಟದ ಕೋಣೆ, ಕಿಟಕಿ ತೆರೆದಿತ್ತು. ಚೀಲ ಹೊತ್ತುಕೊಂಡು ಕೊಡಲಿಯ ಹಿಂದೆ ಗೆಳೆಯರ ಮುಂದೆ ನಡೆದುಹೋಗುವುದು ಅವನಿಗೆ ಬೇಕಿರಲಿಲ್ಲ.

ಎಲ್ಡನ್ ವ್ಯಾನ್ ತೆಗೆದುಕೊಂಡು ಜೋಳದ ಹೊಲಗಳ ನಡುವಿನ ರಸ್ತೆಗಳಲ್ಲೆಲ್ಲ ಹುಡುಕಿದರು. ಪಕ್ಕದ ಊರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಹುಡುಗ ಕೂತಿದ್ದ. ಫೋನ್ ಆರಿಸಿಟ್ಟಿದ್ದ.

"ಎಲ್ಡನ್ ಸಾರ್, ಟ್ಯಾಬ್ಲೆಟ್ ಅಲ್ಲೇ ಇಟ್ಟಿದೀನಿ. ನಾನೇನೂ ಕದ್ದಿಲ್ಲ."

"ಲೋ ಮಂಕೇ, ನಿನ್ನ ಯಾರೂ ತೆಗೆದಿಲ್ಲ ಕಣೋ! ನಿನ್ನಮ್ಮ ಮಿಠಾಯಿ ಕಳಿಸಿದ್ರು, ಕೊಡೋಕೆ ಬಂದಿದ್ದೆ. ನೀನು ಟೀಮಲ್ಲಿದೀಯ. ಎದ್ದೇಳು!"

ವ್ಯಾನಿನಲ್ಲಿ ಮಾರ್ಕೆಲ್ ನಕ್ಕ, ಅತ್ತ, ತಾಯಿಗೆ ಫೋನ್ ಮಾಡಿದ. ಆ ಕಡೆ ತಾಯಿ ಅಂಗಳಕ್ಕೆ ಓಡಿಹೋಗಿ ಅಕ್ಕಪಕ್ಕದವರನ್ನು ಕೂಗಿ ಕರೆದದ್ದು ಎಲ್ಡನ್ ಕಿವಿಗೂ ಬಿತ್ತು. ಪೊಟ್ಟಣ ಪಕ್ಕದಲ್ಲೇ ಇತ್ತು. ಮಾರ್ಕೆಲ್ ಅದನ್ನು ಮುಟ್ಟಲಿಲ್ಲ. "ಅದನ್ನ ನೀವು ಎತ್ಕೊಂಡಿದೀರಲ್ಲ ಸಾರ್. ಇವತ್ತೊಂದಿನ ಬೇಡ," ಎಂದು ನಾಚಿಕೊಂಡು ನಕ್ಕ.

ಶಿಬಿರಕ್ಕೆ ಬರುವಷ್ಟರಲ್ಲಿ ಸ್ಟ್ರೋಬೆಲ್ ಅವನ ಹೆಸರನ್ನು ತೆಗೆದು ಬೇರೊಬ್ಬನ ಹೆಸರು ಸೇರಿಸಿಯಾಗಿತ್ತು. ಪಟ್ಟಿ ಇನ್ನೂ ಹೊರಗೆ ಹೋಗಿರಲಿಲ್ಲ. ತಪ್ಪು ತನ್ನದು, ಹುಡುಗನದಲ್ಲ ಎಂದು ಎಲ್ಡನ್ ಗೋಗರೆದರು. ಕೋಚ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಎಲ್ಡನ್.

"'ನೀನು ಬಾಗ್ಲು ತಟ್ಟಿದೆ. ಅವನು ಯಾಕೆ ತೆಗೀಲಿಲ್ಲ?' ಅಂದ್ರು. 'ಹೋದ ವರ್ಷ ಇಲ್ಲಿದ್ದವರೆಲ್ಲ ಇಂಥವರೇ. ಸೋಲು ಬರೋಕೆ ಮುಂಚೇನೇ ಗಂಟುಮೂಟೆ ಕಟ್ಕೊಂಡು ಕೂತಿದ್ರು. ನನಗೆ ಬಾಗ್ಲು ತೆಗೆಯೋವ್ರು ಬೇಕು ಎಲ್ಡನ್.' ಅಷ್ಟು ಹೇಳಿ ಊಟಕ್ಕೆ ಹೋದ್ರು."

ಹುಡುಗ ಕೋಣೆಯಲ್ಲಿ ಬಟ್ಟೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸುತ್ತಿದ್ದ. ಎಲ್ಡನ್ ಎರಡನೇ ಸಲ ಆ ಬಾಗಿಲು ತಟ್ಟಿದರು. ಈ ಸಲ ಅವನು ತಕ್ಷಣ ತೆರೆದ. ಅವನು ಏನೂ ಕೂಗಾಡಲಿಲ್ಲವೇ ಎಂದು ಕೇಳಿದೆ. "ಇಲ್ಲ. 'ಅಮ್ಮನಿಗೆ ಏನು ಹೇಳ್ಲಿ ಸಾರ್?' ಅಂದ. ಅಷ್ಟೇ."

ಅದೇ ವ್ಯಾನಿನಲ್ಲಿ ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟರು. ದಾರಿಯಲ್ಲಿ ಮಾರ್ಕೆಲ್ ಪೊಟ್ಟಣ ಬಿಚ್ಚಿದ. ಮಿಠಾಯಿ ಕರಗಿ ಒಂದೇ ಗಟ್ಟಿಯಾಗಿತ್ತು. ಮುರಿದು ಒಂದು ತುಂಡನ್ನು ಎಲ್ಡನ್‌ಗೆ ಕೊಟ್ಟ. ಆಮೇಲೆ ಫ್ಲಾಸ್ಕಿನ ಕಡೆ ನೋಡಿ, "ಕಾಫಿ ಇದೆಯಾ ಸಾರ್?" ಎಂದು ಕೇಳಿದ.

ಎಲ್ಡನ್ ವೈಪರ್ ಹಾಕುತ್ತಾರೆ. ಮಳೆಯೂ ಇಲ್ಲ, ಹಿಮವೂ ಇಲ್ಲ.

ಅಕ್ಟೋಬರ್‌ನಲ್ಲಿ ಇಬ್ಬರು ಲೈನ್‌ಬ್ಯಾಕರ್‌ಗಳು ಮಂಡಿ ಮುರಿದುಕೊಂಡಾಗ ಎಲ್ಡನ್ ಮ್ಯಾನೇಜರರ ಕೋಣೆಗೆ ಹೋಗಿ ಮಾರ್ಕೆಲ್ ಹೆಸರು ಹೇಳಿದರು. "ಯಾರು, ಕಿಟಕಿ ಹಾರಿ ಓಡಿಹೋದ್ನಲ್ಲ, ಅವನಾ?" ಎಂದು ಮ್ಯಾನೇಜರ್ ನಕ್ಕರು. ರೇಡಿಯೋದವರೂ ಈ ಕತೆ ಹೇಳಿ ನಕ್ಕಿದ್ದಾರೆ. ಬೇರೆ ತಂಡಗಳವರಿಗೂ ಅವನೆಂದರೆ ಮೊದಲು ನೆನಪಾಗುವುದು ಕಿಟಕಿಯೇ. ಎಲ್ಡನ್ ಮ್ಯಾನೇಜರರಿಗೆ ಮತ್ತೊಮ್ಮೆ ಮೊದಲಿನಿಂದ ವಿವರಿಸಿದರು. "ನಿನ್ನದು ಒಳ್ಳೇ ಮನಸ್ಸು ಬಿಡಯ್ಯಾ," ಎಂದು ಅವರು ಬೆನ್ನು ತಟ್ಟಿ ಕಳಿಸಿದರು.

ಮಾರ್ಕೆಲ್ ಈಗ ತನ್ನೂರಿನ ಸಿಗಡಿ ದಾಸ್ತಾನಿನಲ್ಲಿ ಮಂಜುಗಡ್ಡೆ ಹೊರುತ್ತಾನೆ. ಎಲ್ಡನ್ ಭಾನುವಾರದ ಆಟ ಮುಗಿದ ಮೇಲೆ ಫೋನ್ ಮಾಡುತ್ತಾರೆ. ಯಾವಾಗಲೂ ತಾಯಿಯೇ ಎತ್ತುವುದು. "ಅವನು ಮಲಗಿದಾನೆ," ಎನ್ನುತ್ತಾಳೆ. ಹಿಂದಿನಿಂದ ಟಿವಿಯಲ್ಲಿ ಆಟದ ಸದ್ದು ಕೇಳಿಸುತ್ತಿರುತ್ತದೆ.

ಸಂಜೆ ವಿಮಾನ ನಿಲ್ದಾಣದಲ್ಲಿ ಬ್ರೆನ್ನನ್ ಇಳಿದು ಕೈಕುಲುಕುತ್ತಾನೆ. "ಕಾಫಿ ಚೆನ್ನಾಗಿತ್ತು ಮಾಮಾ. ಇಷ್ಟು ದಿನ ಸುಮ್ನೆ ಬಿಟ್ಟೆ." ಅದೇ ವ್ಯಾನಿನಲ್ಲಿ ಈಗ ಹೊಸಬರು ಬರಬೇಕು. ನಾಳೆ ಪರೀಕ್ಷೆ ಮಾಡಿ ಅವರಲ್ಲಿ ಒಬ್ಬರನ್ನೋ ಇಬ್ಬರನ್ನೋ ಇಟ್ಟುಕೊಳ್ಳುತ್ತಾರೆ, ಉಳಿದವರನ್ನು ಎಲ್ಡನ್ ಮತ್ತೆ ಇಲ್ಲಿಗೇ ತಂದು ಬಿಡುತ್ತಾರೆ. ಬರುವವರ ಹೆಸರು ಬರೆದ ಹಲಗೆಯನ್ನು ಅವರು ಬೆಳಿಗ್ಗೆಯೇ ಓದಿದ್ದಾರೆ. ಆದರೂ ಇನ್ನೊಮ್ಮೆ ಓದುತ್ತಾರೆ. ಮಾರ್ಕೆಲ್ ಇಲ್ಲ.

ಗಾಜಿನ ಬಾಗಿಲಾಚೆ ಚೀಲ ಹೊತ್ತ ಮೂವರು ಹುಡುಗರು ಕಾಣುತ್ತಾರೆ. ಎಲ್ಡನ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೋಡುತ್ತಾರೆ. ಕಾಫಿಯಿಂದ ಇನ್ನೂ ಹಬೆ ಏಳುತ್ತಿದೆ.

"ಈ ಕೆಲಸ ಬಿಡೋಕೆ ಮುಂಚೆ ಒಂದೇ ಒಂದು ಸಲ, ಆ ಬಾಗಿಲಿಂದ ಮಾರ್ಕೆಲ್ ಬರಬೇಕಮ್ಮಾ," ಎನ್ನುತ್ತಾರೆ. "ನಾನೇ ಕರ್ಕೊಂಡು ಹೋಗ್ಬೇಕು. 'ಕಾಫಿ ಕುಡೀತೀಯೇನೋ' ಅಂತ ಕೇಳ್ಬೇಕು. ಅವನು ಬೇಡ ಅನ್ನಬೇಕು."