ಐದು ಗೀಟು ಸಿಗ್ನಲ್

ತೊಂಬತ್ತರ ದಶಕದಲ್ಲಿ ಹೊಳೆನರಸೀಪುರದ ಕೋಟೆ ಕಡೆ ಬಂದವರು ಹಂಸಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಜಾರದಲ್ಲಿ ಸಾಲಾಗಿಟ್ಟ ಟೈಪ್‌ರೈಟರುಗಳ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಅರಕಲಗೂಡಿನಿಂದಲೂ ಚನ್ನರಾಯಪಟ್ಟಣದಿಂದಲೂ ಬಸ್ಸು ಹತ್ತಿ ಬಂದು ಕಲಿತು ಹೋದವರಿದ್ದರು. ಕೀಲಿ ನೋಡಿಕೊಂಡು ಹೊಡೆದರೆ ಹಂಸ ಬಂದು ಕೈಗಳ ಮೇಲೆ ಟವೆಲ್ಲು ಹೊದಿಸಿಬಿಡುತ್ತಿದ್ದಳು. "ಬೆರಳಿಗೇ ಕಣ್ಣು ಬರ್ಬೇಕು" ಎನ್ನುತ್ತಿದ್ದಳು.

ಕಂಪ್ಯೂಟರು ಬಂದ ಮೇಲೆ ಆ ಸದ್ದು ನಿಂತಿತು. ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದವು. ಗಂಡ ಯೋಗಾನರಸಿಂಹ ಅನುದಾನವಿಲ್ಲದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ಮಕ್ಕಳಿಲ್ಲದ ಇಬ್ಬರ ಸಂಸಾರ ಅವರ ಸಂಬಳದಲ್ಲಿ ಹೇಗೋ ಸಾಗುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬರುತ್ತಾ ಮೇಷ್ಟ್ರು ಬಾಗಿಲಿಗೆ ಒರಗಿದವರು ಹಾಗೇ ಜಾರಿ ಕುಳಿತರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಶಾಲೆಯವರು ಒಂದು ಸಲ ಹಣ್ಣು ತಂದುಕೊಟ್ಟು ಹೋದರು, ಆಮೇಲೆ ಬೇರೆ ಮೇಷ್ಟ್ರನ್ನು ಹಾಕಿಕೊಂಡರು.

ಮೇಷ್ಟ್ರನ್ನು ನೋಡಲು ಬಂದವರಲ್ಲಿ ರಜನೀಶ್ ಒಬ್ಬ. ಟವೆಲ್ಲಿನ ಕೆಳಗೆ ಟೈಪು ಕಲಿತವನೇ. ಹಾಸನದ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಆಫೀಸು ಇಟ್ಟಿದ್ದ. ಹೊರದೇಶದ ಡಾಕ್ಟರುಗಳು ರೋಗಿಗಳ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡು ಮಾಡಿ ಕಳಿಸುತ್ತಾರೆ. ಇಲ್ಲಿ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪು ಮಾಡಿ, ಅವರು ಹೇಳಿದ ಹೊತ್ತಿನೊಳಗೆ ವಾಪಸು ಕಳಿಸಬೇಕು.

"ಮೇಡಂ, ನಿಮ್ಮಂಥ ಬೆರಳು ಸುಮ್ನೆ ಕೂತಿದಾವಲ್ಲ" ಎಂದ ರಜನೀಶ್. "ಮನೇಲೇ ಮಾಡ್ಬೋದು. ನಾನು ಕಲಿಸ್ತೀನಿ."

ಹಂಸ ಕಲಿತಳು. ರೋಗಗಳ ಹೆಸರು, ಔಷಧಿಗಳ ಹೆಸರು, ನುಂಗಿ ನುಂಗಿ ಆಡುವ ಇಂಗ್ಲಿಷು ಎಲ್ಲವೂ ಕಿವಿಗೆ ಹತ್ತಿದವು. ತೊಡಕು ಒಂದೇ. ಫೋನಿನ ತಂತಿ ಬರುವುದು ಹಜಾರಕ್ಕೆ, ಮೇಷ್ಟ್ರ ಮಂಚ ಇರುವುದು ಒಳಕೋಣೆಯಲ್ಲಿ. ಮೇಷ್ಟ್ರಿಗೆ ಎಂಜಲು ಸಹ ನುಂಗಲು ಕಷ್ಟ, ಕೆಮ್ಮು ಬಂದು ಗಂಟಲು ಕಟ್ಟಿದರೆ ತಕ್ಷಣ ಎಬ್ಬಿಸಿ ಕೂರಿಸಬೇಕು. ಹಜಾರದಲ್ಲಿ ಕಿವಿ ಮುಚ್ಚಿಕೊಂಡು ಕೂತರೆ ಅವರ ಕೆಮ್ಮು ಕೇಳುವುದಿಲ್ಲ. ಅದಕ್ಕೇ ರಜನೀಶ್ ವೈಫೈ ಇರುವ ಮೋಡೆಮ್ ಹಾಕಿಸಿಕೊಟ್ಟ, ಹಳೇ ಲ್ಯಾಪ್‌ಟಾಪೂ ಕೊಟ್ಟ. 2007ರಲ್ಲಿ ಆ ಬೀದಿಯಲ್ಲಿ ವೈಫೈ ಅಂದರೆ ಏನೆಂದು ಗೊತ್ತಿದ್ದವರೇ ಕಡಿಮೆ. ಹಂಸ ಮಂಚದ ಪಕ್ಕದಲ್ಲೇ ಮೇಜು ಹಾಕಿಕೊಂಡು ಕೆಲಸಕ್ಕೆ ಕೂತಳು. ಒಂದು ಕಿವಿ ಡಾಕ್ಟರಿಗೆ, ಇನ್ನೊಂದು ಗಂಡನಿಗೆ. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಐದು ಹಸಿರು ಗೀಟುಗಳು. ಮೇಷ್ಟ್ರು ಅದನ್ನು ನೋಡಿ ಎಡಗೈಯ ಐದೂ ಬೆರಳು ಬಿಡಿಸಿ ತೋರಿಸುತ್ತಿದ್ದರು, ನಗಲು ನೋಡುತ್ತಿದ್ದರು.

ಎದುರುಮನೆಯ ಶಾಂತಕುಮಾರಿ ದಿನಾ ಬರುತ್ತಿದ್ದಳು. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಪಾಲಾಕ್ಷನ ಹೆಂಡತಿ. ಹಂಸ ಔಷಧಿಗೋ ತರಕಾರಿಗೋ ಹೋದರೆ ಮೇಷ್ಟ್ರ ಬಳಿ ಕೂತು ಪೇಪರು ಓದಿ ಹೇಳುತ್ತಿದ್ದಳು. ತಪ್ಪು ಓದಿದರೆ ಮೇಷ್ಟ್ರು ಮಂಚದ ಪಟ್ಟಿಗೆ ಬಡಿಯುತ್ತಿದ್ದರು. "ಇವ್ರು ಮಲಗಿದ್ರೂ ಮೇಷ್ಟ್ರೇ ಕಣೇ ಹಂಸ" ಎಂದು ಅವಳು ನಗುತ್ತಿದ್ದಳು.

ಒಂದು ವರ್ಷ ಹೀಗೆ ನಡೆಯಿತು. ಮರುವರ್ಷದ ಮಳೆಗಾಲಕ್ಕೆ ಮುಂಚೆ ಬೀದಿಯ ಚರಂಡಿ ಅಗೆದು ಮುಚ್ಚಿದರು. ಅಲ್ಲಿಂದಾಚೆಗೆ ನೆಟ್ಟು ಎಳೆದಾಡತೊಡಗಿತು. ಬೆಳಿಗ್ಗೆ ಬರಬೇಕಾದ ಫೈಲು ಅರ್ಧ ಬಂದು ನಿಲ್ಲುವುದು. ಟೈಪು ಮಾಡಿದ್ದನ್ನು ಕಳಿಸಿದರೆ ಅಡುಗೆ ಮುಗಿದರೂ ಹೋಗಿರುತ್ತಿರಲಿಲ್ಲ. ಹೊತ್ತು ಮೀರಿದರೆ ಅಲ್ಲಿಯವರು ರಜನೀಶನನ್ನು ತರಾಟೆಗೆ ತೆಗೆದುಕೊಳ್ಳುವರು, ಅವನು ಹಂಸಳಿಗೆ ಫೋನು ಮಾಡುವನು.

"ಸಿಗ್ನಲ್ ಎಷ್ಟಿದೆ ಮೇಡಂ?"

"ಐದೂ ಗೀಟು ಇದೆಯಪ್ಪ."

"ಮತ್ತೆ ಸ್ಲೋ ಹೆಂಗಾಗುತ್ತೆ?"

ಅವಳಿಗೂ ಅದೇ ಅರ್ಥವಾಗುತ್ತಿರಲಿಲ್ಲ. ಗೋಡೆ ದಪ್ಪವೆಂದು ಮೋಡೆಮನ್ನು ಸ್ಟೂಲಿನ ಮೇಲೆ ಎತ್ತಿಟ್ಟಳು. ಲ್ಯಾಪ್‌ಟಾಪನ್ನು ಬಾಗಿಲ ಬಳಿಗೆ ತಂದಳು. ಗೀಟು ಐದೇ, ವೇಗ ಅಷ್ಟೇ. ಕಂಪ್ಲೇಂಟು ಕೊಟ್ಟ ಮೇಲೆ ಟೆಲಿಫೋನ್ ಲೈನ್‌ಮನ್ ನಂಜಪ್ಪ ಬಂದ. ಹೊಸಿಲು ದಾಟದೆಯೇ ಬಗ್ಗಿ ಪರದೆ ನೋಡಿದ.

"ಸಿಗ್ನಲ್ ಫುಲ್ ಐತಲ್ಲಮ್ಮ. ನಮ್ ಕಡೆಯಿಂದ ಏನೂ ಇಲ್ಲ. ನಿಮ್ ಕಂಪ್ಯೂಟರ್ರೇ ಹಳೇದು" ಎಂದು ಸೈಕಲ್ಲು ಹತ್ತಿದ.

ರಜನೀಶ್ ಇನ್ನೊಂದು ಮಾತು ಹೇಳಿದ. "ವೈಫೈಗೆ ಪಾಸ್‌ವರ್ಡ್ ಹಾಕಿಲ್ವಲ್ಲ ನಾವು. ಅಕ್ಕಪಕ್ಕದೋರು ಯಾರಾದ್ರೂ ಉಪಯೋಗಿಸ್ತಿದ್ರೆ ಸಿಗ್ನಲ್ ಫುಲ್ ಇದ್ರೂ ಸ್ಲೋ ಆಗುತ್ತೆ ಮೇಡಂ. ಲ್ಯಾಪ್‌ಟಾಪ್ ಯಾರ ಮನೇಲಿದೆ ನೋಡಿ."

ಆ ಬೀದಿಯಲ್ಲಿ ಲ್ಯಾಪ್‌ಟಾಪು ಇದ್ದದ್ದು ಇನ್ನೊಂದೇ ಮನೆಯಲ್ಲಿ. ಶಾಂತಕುಮಾರಿಯ ಮಗಳು ಯಶಸ್ವಿನಿ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ರಜೆಗೆ ಬಂದವಳು ಜಗಲಿಯಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿರುವುದನ್ನು ಹಂಸ ಕಿಟಕಿಯಿಂದ ಕಂಡಿದ್ದಳು. ಅವತ್ತು ಬೆಳಿಗ್ಗೆಯೇ ಎರಡು ಫೈಲು ಕೈಬಿಟ್ಟು ಹೋಗಿದ್ದವು. ಮೇಷ್ಟ್ರ ಬೆನ್ನಿನ ಹುಣ್ಣು ಬೇರೆ ಕೀವಾಗಿತ್ತು. ಮಧ್ಯಾಹ್ನ ಶಾಂತಕುಮಾರಿ ಹುರುಳಿಕಾಳಿನ ಸಾರು ಹಿಡಿದುಕೊಂಡು ಒಳಗೆ ಕಾಲಿಟ್ಟಳು, ಹಂಸ ತಡೆದುಕೊಳ್ಳಲಾರದೆ ಹೋದಳು.

"ನಿಮ್ಮ ಮನೇಲಿ ನೆಟ್ ಬೇಕಿದ್ರೆ ಹಾಕಿಸ್ಕೋಬೇಕು ಶಾಂತ. ಯಶಸ್ವಿನಿ ನಮ್ಮದನ್ನ ಎಳ್ಕೊಂಡು ಕೂತ್ರೆ ನಾವು ಹೊಟ್ಟೆಗೇನು ತಿನ್ನೋಣ?"

ಶಾಂತಕುಮಾರಿಗೆ ಮೊದಲು ತಿಳಿಯಲೇ ಇಲ್ಲ. "ಏನ್ ಎಳ್ಕೊಂಡ್ಳೇ? ನಿಮ್ಮನೆಗೆ ಅವ್ಳು ಬಂದೇ ಇಲ್ವಲ್ಲ."

"ಮನೆಗೆ ಬರಬೇಕಾಗಿಲ್ಲ. ಜಗಲೀಲಿ ಕೂತೇ ಕದೀಬಹುದು."

ಕದಿಯುವುದು ಎಂಬ ಮಾತು ಹೊರಬಿದ್ದ ಮೇಲೆ ಹಿಂದಕ್ಕೆ ಹೋಗಲಿಲ್ಲ. ಶಾಂತಕುಮಾರಿ ಸಾರಿನ ಪಾತ್ರೆಯನ್ನು ನೆಲದ ಮೇಲೆ ಇಟ್ಟಳು. "ಅವ್ಳದ್ದು ಡಾಟಾ ಕಾರ್ಡು ಕಣೇ, ಅದ್ರಲ್ಲೇ ನೆಟ್ಟು ಬರುತ್ತೆ. ಅವ್ರಪ್ಪ ತಂದ್ಕೊಟ್ಟಿರೋದು. ಕದಿಯೋ ಮಗೀನ ನಾನ್ ಹೆತ್ತಿಲ್ಲ" ಎಂದಳು. ಮೇಷ್ಟ್ರು ಮಂಚದ ಪಟ್ಟಿಗೆ ಬಡಿಯುತ್ತಲೇ ಇದ್ದರು. ಅವಳು ಅತ್ತ ತಿರುಗದೆ ಹೋದಳು.

ಸಂಜೆ ಹಂಸ ರಜನೀಶನನ್ನು ಕೇಳಿಕೊಂಡು ವೈಫೈಗೆ ಪಾಸ್‌ವರ್ಡು ಹಾಕಿದಳು. ಇನ್ನು ಬೇರೆ ಯಾರೂ ಒಳಗೆ ಬರುವಂತಿರಲಿಲ್ಲ. ಮಾರನೇ ದಿನವೂ ನೆಟ್ಟು ಹಾಗೇ ಕುಂಟುತ್ತಿತ್ತು. ಮೋಡೆಮಿನ ಜೊತೆ ಬಂದಿದ್ದ ಮೋಟು ವೈರನ್ನು ಹುಡುಕಿ ತೆಗೆದು, ಹಜಾರದಲ್ಲಿ ನೆಲಕ್ಕೆ ಕೂತು, ಲ್ಯಾಪ್‌ಟಾಪನ್ನು ನೇರವಾಗಿ ಮೋಡೆಮಿಗೆ ಸಿಕ್ಕಿಸಿ ನೋಡಿದಳು. ಈಗ ವೈಫೈಯೇ ಇಲ್ಲ, ಗೋಡೆಯಿಲ್ಲ, ನಡುವೆ ಯಾರೂ ಇಲ್ಲ. ಆದರೂ ಅದೇ ನಿಧಾನ. ಮೋಡೆಮಿನ ಮೇಲೆ ಲೈನಿನ ದೀಪ ಮಿಣಮಿಣ ಎಂದು ಆರಿ ಮತ್ತೆ ಹತ್ತುತ್ತಿತ್ತು. ಫೋನೆತ್ತಿ ಕಿವಿಗಿಟ್ಟರೆ ಒಳಗೆ ಕರಕರ ಸದ್ದು.

ಆಗ ಹೊಳೆಯಿತು. ಆ ಐದು ಗೀಟು ಹೇಳುತ್ತಿದ್ದದ್ದು ಒಳಕೋಣೆಗೂ ಹಜಾರಕ್ಕೂ ನಡುವಿನ ಮಾತನ್ನು ಮಾತ್ರ. ಮೋಡೆಮಿನಿಂದ ಆಚೆ, ಗೋಡೆ ತೂರಿ ಬೀದಿಗಿಳಿದು ಎಕ್ಸ್‌ಚೇಂಜಿಗೆ ಹೋಗುವ ತಂತಿಯ ಗತಿ ಏನಾಗಿದೆಯೆಂದು ಆ ಗೀಟಿಗೆ ಗೊತ್ತೇ ಇಲ್ಲ. ಇಷ್ಟು ದಿನ ತಾನು ಮನೆಯೊಳಗೆ ಹುಡುಕಿದ್ದಳು, ಎದುರುಮನೆಯಲ್ಲಿ ಹುಡುಕಿದ್ದಳು.

ನಂಜಪ್ಪನನ್ನು ಮತ್ತೆ ಕರೆಸಿ ಫೋನನ್ನು ಅವನ ಕಿವಿಗೇ ಹಿಡಿದಳು. ಅವನು ಕೇಳಿ ರಿಸೀವರನ್ನು ಕೆಳಗಿಟ್ಟ.

"ಚರಂಡಿ ಅಗ್ಯೋವಾಗ ಕೇಬಲ್ ಕಿತ್ತೋಗಿತ್ತು ಕಣಮ್ಮ. ಗಂಟಾಕಿ ಪ್ಲಾಸ್ಟಿಕ್ ಸುತ್ತಿ ಮಣ್ಣು ಮುಚ್ಬುಟ್ವಿ. ಈಗ ಅದ್ರೊಳಕ್ಕೆ ಚರಂಡಿ ನೀರು ಓಗ್ತಾ ಐತೆ. ಮಾತಿಗೆ ಸಾಕು, ನೆಟ್ಗೆ ಸಾಲಲ್ಲ."

"ಮತ್ತೆ ಅವತ್ತು ಯಾಕಪ್ಪ ಹೇಳ್ಲಿಲ್ಲ?"

"ಏಳಿದ್ರೆ ಏನ್ ಮಾಡೀರಿ? ಈ ಬೀದೀಗೆ ಒಸಾ ಕೇಬಲ್ ಬರ್ಬೇಕು. ಅದು ನನ್ ಕೈಲಿಲ್ಲ."

ಅವಳು ಹಾಸನದ ಟೆಲಿಫೋನ್ ಕಚೇರಿಗೂ ಹೋಗಿ ಕೇಳಿದಳು. ಬರೆದುಕೊಂಡರು. ಮಳೆ ಹಿಡಿದುಕೊಂಡಿತು.

ಶಾಂತಕುಮಾರಿಯ ಮನೆಗೂ ಹೋದಳು. ಯಶಸ್ವಿನಿ ಬಾಗಿಲು ತೆಗೆದು, "ಅಮ್ಮ ಪೂಜೆಗೆ ಕೂತವ್ರೆ ಆಂಟಿ" ಎಂದು ದಾರಿ ಬಿಡದೆ ನಿಂತಳು. ಹಂಸ ಜಗಲಿಯಲ್ಲೇ ಒಂದಷ್ಟು ಹೊತ್ತು ಕಾದು ಬಂದಳು.

ಉಳಿದದ್ದು ಒಂದೇ ದಾರಿ. ಹಾಸನಕ್ಕೆ ಹೋಗಿ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬರುವುದು, ಟೈಪು ಮಾಡಿ ಮತ್ತೆ ತೆಗೆದುಕೊಂಡು ಹೋಗಿ ಕೊಡುವುದು. ಮೇಷ್ಟ್ರಿಗೆ ಗಂಜಿ ಕುಡಿಸಿ, ದಿಂಬುಗಳನ್ನು ಎರಡೂ ಕಡೆ ಒತ್ತಿಟ್ಟು, "ಇದೋ ಬಂದ್ಬಿಡ್ತೀನಿ ರೀ" ಎಂದು ಹೇಳಿ, ನಾಯಿಯೋ ಕಳ್ಳರೋ ನುಗ್ಗಿಯಾರೆಂದು ಹೊರಗಿನಿಂದ ಬೀಗ ಹಾಕಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಹಾಸನದಲ್ಲಿ ರಜನೀಶನ ಆಫೀಸಿನ ಮೆಟ್ಟಿಲನ್ನು ಓಡುತ್ತಲೇ ಹತ್ತಿ ಓಡುತ್ತಲೇ ಇಳಿಯುತ್ತಿದ್ದಳು. ಬಸ್ಸಿನಲ್ಲಿ ಮಾತ್ರ ಓಡುವಂತಿರಲಿಲ್ಲ.

ಒಂದು ಮಧ್ಯಾಹ್ನ ಮಳೆಯಲ್ಲಿ ಬಸ್ಸು ತಡವಾಯಿತು. ಬೀದಿಗೆ ತಿರುಗಿದರೆ ಶಾಂತಕುಮಾರಿ ಹಂಸಳ ಮನೆಯ ಒಳಕೋಣೆಯ ಕಿಟಕಿಗೆ ಆತುಕೊಂಡು ನಿಂತಿದ್ದಾಳೆ. ಸೆರಗೆಲ್ಲ ನೆನೆದು ಮೈಗಂಟಿದೆ. ಕಂಬಿಯ ನಡುವೆ ಮುಖವಿಟ್ಟು ಒಳಗಿದ್ದವರ ಜೊತೆ ಮಾತಾಡುತ್ತಲೇ ಇದ್ದಾಳೆ.

"ಬಂದ್ಬುಡ್ತಾಳೆ ಮೇಷ್ಟ್ರೇ. ಇನ್ನೇನ್ ಬಂದ್ಬುಟ್ಳು. ನನ್ ಕಡೆ ನೋಡಿ. ತಲೆ ಒಂದ್ ಸ್ವಲ್ಪ ಈ ಕಡೆ ತಿರುಗಿಸ್ಕಳಿ."

ಹಂಸ ಓಡಿಬಂದು ಬೀಗದ ಕೈ ಹೊರತೆಗೆಯುತ್ತಿದ್ದಂತೆ ಶಾಂತಕುಮಾರಿಯೇ ಅದನ್ನು ಕಿತ್ತುಕೊಂಡು ಬಾಗಿಲು ತೆಗೆದಳು. ಮೇಷ್ಟ್ರು ಮಂಚದಿಂದ ಬಿದ್ದು ಮೇಜಿನ ಕಾಲಿಗೆ ಹಣೆ ಒಡೆದುಕೊಂಡಿದ್ದರು. ಗಂಜಿ ಮೇಲಕ್ಕೆ ಬಂದು ಗಂಟಲಲ್ಲಿ ಸಿಕ್ಕಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಇಬ್ಬರೂ ಸೇರಿ ಎತ್ತಿ ಕೂರಿಸಿ ಬೆನ್ನು ತಟ್ಟಿದರು. ಪಾಲಾಕ್ಷ ಅಂಗಡಿಯಿಂದ ಓಡಿಬಂದು ಆಟೋ ಕರೆತಂದ.

ಆಸ್ಪತ್ರೆಯ ವೆರಾಂಡದಲ್ಲಿ ಶಾಂತಕುಮಾರಿ ಸೆರಗು ಹಿಂಡುತ್ತಾ ಹೇಳಿದಳು. "ಧೊಪ್ ಅಂತ ಸದ್ದು ಬಂತು ಕಣೇ. ಓಡ್ಬಂದ್ರೆ ಬೀಗ. ಒಂದ್ ಕೀ ನಮ್ಮನೇಲಿ ಕೊಟ್ಟೋಗಕ್ಕೆ ಆಗ್ತಿರ್ಲಿಲ್ವೇನೇ?"

"ಯಾವ ಮುಖ ಇಟ್ಕೊಂಡು ಕೊಡಲಿ ಶಾಂತ? ನಿನ್ನ ಮಗಳದ್ದೇನೂ ತಪ್ಪಿರಲಿಲ್ಲ. ನನಗೆ ಗೊತ್ತಾಯ್ತು, ಬಂದಿದ್ದೆ..."

"ಗೊತ್ತು. ಪೂಜೆಗೆ ಕೂತಿರ್ಲಿಲ್ಲ ನಾನು" ಎಂದಳು ಶಾಂತಕುಮಾರಿ.

ಎದೆಗೆ ಇಳಿದ ಗಂಜಿ ನಂಜಾಯಿತು. ಮೇಷ್ಟ್ರು ಆಸ್ಪತ್ರೆಯಿಂದ ಮನೆಗೆ ಬಂದರು, ಆದರೆ ಪರದೆಯ ಕಡೆ ನೋಡುವುದನ್ನೂ ಬಡಿಯುವುದನ್ನೂ ನಿಲ್ಲಿಸಿಬಿಟ್ಟರು. ರಜನೀಶ್ ಬಂದು, ಎದುರಿಗೆ ಕೂರಲಾರದೆ ನಿಂತುಕೊಂಡೇ, "ಸದ್ಯಕ್ಕೆ ಕೆಲಸ ಬೇರೆಯವರಿಗೆ ಕೊಟ್ಟಿದೀನಿ ಮೇಡಂ, ತಪ್ಪು ತಿಳೀಬೇಡಿ" ಎಂದ. ಹಂಸ ಲ್ಯಾಪ್‌ಟಾಪನ್ನು ಒರೆಸಿ ಅವನ ಕೈಗೆ ಕೊಟ್ಟಳು. ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು.

ಸೂತಕ ಕಳೆಯುವವರೆಗೆ ಶಾಂತಕುಮಾರಿ ದಿನಾ ಬಂದು ಹೊರಗಿನ ಕೆಲಸವನ್ನೆಲ್ಲ ನೋಡಿಕೊಂಡಳು. ವೈಕುಂಠ ಸಮಾರಾಧನೆಯ ಮಾರನೇ ದಿನದಿಂದ ಬರಲಿಲ್ಲ. ಬೀದಿಯಲ್ಲಿ ಎದುರಾದರೆ "ಊಟ ಆಯ್ತೇನೇ?" ಎಂದು ಕೇಳುವಳು. ಹಂಸ "ಆಯ್ತು" ಎನ್ನುವಳು. ಅದಕ್ಕಿಂತ ಹೆಚ್ಚಿನ ಮಾತನ್ನು ಇಬ್ಬರಲ್ಲಿ ಯಾರೂ ತೆಗೆಯಲಿಲ್ಲ.

ಬೇಸಿಗೆಗೆ ರಜನೀಶ್ ಮತ್ತೆ ಬಂದು, ಆಫೀಸಿನಲ್ಲೇ ಒಂದು ಕುರ್ಚಿ ಖಾಲಿ ಇದೆ, ಬನ್ನಿ ಎಂದ. ಈಗ ಅವಳನ್ನು ಮನೆಯಲ್ಲಿ ಹಿಡಿದಿಡುವುದು ಏನೂ ಇರಲಿಲ್ಲ. ಹಂಸ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ ಸಂಜೆಯ ಬಸ್ಸಿಗೆ ಬರತೊಡಗಿದಳು. ಅಲ್ಲಿ ಫೈಲು ಒತ್ತಿದ ತಕ್ಷಣ ಹೋಗುತ್ತಿತ್ತು. ಸುತ್ತ ಕೂತ ಹುಡುಗಿಯರು ಎರಡೂ ಕಿವಿ ಮುಚ್ಚಿಕೊಂಡು ಟೈಪು ಮಾಡುತ್ತಿದ್ದರು. ಹಂಸ ಮಾತ್ರ ಒಂದು ಕಿವಿಯನ್ನು ಬಿಟ್ಟುಕೊಂಡಿರುತ್ತಿದ್ದಳು. ಪಕ್ಕದವಳು ಒಂದು ದಿನ ಕೇಳಿದಳು, "ಯಾಕೆ ಮೇಡಂ, ಆ ಕಡೆದು ಕೆಲಸ ಮಾಡಲ್ವಾ?"

"ಮಾಡುತ್ತೆ" ಎಂದು ಹಂಸ ಅದನ್ನೂ ಕಿವಿಗೆ ಏರಿಸಿಕೊಂಡಳು.