ಡಾಕ್ಟರರೊಡನೆ ಮಾಡಿದ ಚೌಕಾಸಿ

ಮೊನ್ನೆ ಮೊಮ್ಮಗಳ ಮದುವೆಯ ಸೀರೆಗೆಂದು ಇಳಕಲ್ಲಿನ ಒಂದು ಅಂಗಡಿಗೆ ಹೋಗಿದ್ದೆ. ಗಾದಿಯ ಮೇಲೆ ಕುಳಿತಿದ್ದ ತರುಣ ಮಾಲೀಕ ಚಹಾ ಹೇಳುವ ಮುಂಚೆ ನನ್ನತ್ತ ತಿರುಗಿ, "ಅಜ್ಜಾರ, ನಿಮಗ ವಿತೌಟ್ ಏನ್ರಿ?" ಎಂದು ಕೇಳಿದ. ಸಕ್ಕರೆ ಹಾಕದ ಚಹಾಕ್ಕೆ ಈಗ ಎಲ್ಲರ ಬಾಯಲ್ಲೂ ಇದೇ ಹೆಸರು. ಎಷ್ಟು ಸಲೀಸಾಗಿ ಕೇಳಿದ ನೋಡಿ. ನನಗೆ ಸಿಟ್ಟೇ ಬಂತು. ಈ ಒಂದು ಮಾತು ಆಡಲಾರದೆ ಎಂಬತ್ತರ ದಶಕದಲ್ಲಿ ನಾನು ಆರು ತಿಂಗಳು ಕಳ್ಳನ ಹಾಗೆ ಬದುಕಿದ್ದೆ. ಕಣ್ಣನ್ನೇ ಪಣಕ್ಕೆ ಇಟ್ಟಿದ್ದೆ.

ಆಗ ನಾನೂ ಸೀರೆ ವ್ಯಾಪಾರಿ. ನೇಕಾರರ ಮನೆಗಳಿಗೆ ಹೋಗಿ ಸೀರೆ ಆರಿಸಿ, ಬಾಗಲಕೋಟೆ, ಬಾದಾಮಿ ಕಡೆ ಒಯ್ದು ಮಾರುತ್ತಿದ್ದೆ. ಹದಿನಾರನೆಯ ವಯಸ್ಸಿಗೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ನಡೆದವನು ನಾನು. ನಡಿಗೆ ಬಿಟ್ಟು ಸೈಕಲ್ಲಿಗೆ, ಸೈಕಲ್ಲು ಬಿಟ್ಟು ಸ್ಕೂಟರಿಗೆ, ಜೋಳದ ರೊಟ್ಟಿಯಿಂದ ಎರಡು ಹೊತ್ತಿನ ಬಿಳಿ ಅನ್ನಕ್ಕೆ ಬಂದು ಮುಟ್ಟಲು ಇಪ್ಪತ್ತು ವರ್ಷ ಹಿಡಿದಿತ್ತು. ಅಂಥದರಲ್ಲಿ ಬಾಗಲಕೋಟೆಯ ಡಾಕ್ಟರರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ ಹೇಳಿದರು: "ಸಕ್ಕರಿ ಬ್ಯಾನಿ ಇನ್ನೂ ಬಂದಿಲ್ಲ, ಹೊಸ್ತಲದಾಗ ನಿಂತದ. ದಿನಾ ನಾಕು ಮೈಲು ನಡೀರಿ, ರೊಟ್ಟಿ-ಪಲ್ಯ ತಿನ್ರಿ, ಸಿಹಿ ಬಿಡ್ರಿ. ಅಲ್ಲೇ ನಿಂದರ್ತದ. ಒಳಗ ಬಂತಂದ್ರ ಮುಂದ ಕಣ್ಣಿಗೆ ಹೋಗ್ತದ."

ಯಾವುದನ್ನು ಬಿಡಲು ಇಪ್ಪತ್ತು ವರ್ಷ ದುಡಿದಿದ್ದೆನೋ ಅದನ್ನೇ ಮತ್ತೆ ಹಿಡಿಯಬೇಕಂತೆ, ಹಾಗೆ ಹೇಳಿದ್ದಕ್ಕೆ ಫೀಸು ಬೇರೆ.

ನಾನು ಸುಮ್ಮನಿರುವವನಲ್ಲ. ನಾಲ್ಕು ಮೈಲಿಯನ್ನು ಎರಡಕ್ಕೆ ಇಳಿಸಿದೆ. ಅನ್ನ ಪೂರ್ತಿ ಬಿಡುವುದು ಆಗದು, ರಾತ್ರಿಯದು ಮಾತ್ರ ಬಿಡುತ್ತೇನೆ ಎಂದೆ. ಚಹಾ ಬೇಡ ಎಂದವರನ್ನು ಅರ್ಧ ಕಪ್ಪಿಗೆ ತಂದೆ. ಕೊನೆಗೆ ಡಾಕ್ಟರರು ಬೇಸತ್ತು "ನಿಮ್ಮಿಚ್ಛಾ" ಎಂದರು. ಅದನ್ನು ಒಪ್ಪಿಗೆ ಎಂದುಕೊಂಡು ಹೊರಗೆ ಬಂದೆ. ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಇಳಿದು ಕರದಂಟು ಕಟ್ಟಿಸಿಕೊಂಡೆ. ಡಾಕ್ಟರರು ಹೇಳಿದ್ದು ಸಕ್ಕರೆಯ ವಿಷಯ, ಕರದಂಟು ಬೆಲ್ಲದ್ದು. ಹೆಂಡತಿಯೂ ಜೊತೆಗೆ ಬಂದಿದ್ದಳು. ಹುನಗುಂದ ಬಂದಾಗ ಕಿಟಕಿಯಾಚೆ ನೋಡುತ್ತಲೇ ಅಂದಳು: "ಆ ಡಾಕ್ಟರ್ ಏನ್ ಸೀರಿ ಮಾರಾಕ ಕುಂತಿದ್ರೇನ್ರಿ? ಕಣ್ಣು ನಿಮ್ಮವು. ಕಡಿಮಿ ಮಾಡಿಸ್ಕೊಂಡು ಯಾರಿಗೆ ಲಾಭ ಮಾಡಿದ್ರಿ?"

ನಾನು ಪೊಟ್ಟಣ ಬಿಚ್ಚಿದೆ. ಕರದಂಟು ತಿಂದೆ.

ಕಣ್ಣೆಂದರೆ ನನ್ನ ಬಂಡವಾಳ. ನಮ್ಮ ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತೇವೆ. ಅದು ಗಟ್ಟಿಯಿದ್ದರೆ ಸೀರೆ ಗಟ್ಟಿ. ಕೊಂಡಿ ನೋಡಿ ಇದು ಯಾರ ಕೈ ಎಂದು ಹೇಳುತ್ತೇನೆಂಬ ಸೊಕ್ಕು ನನಗಿತ್ತು. ಇಂಥವನ ಕಣ್ಣಿಗೆ ಕುತ್ತು ಬಂದಿದೆ ಎಂದು ನೇಕಾರರ ಓಣಿಗೆ ಗೊತ್ತಾದರೆ ನಾಳೆಯಿಂದ ನನ್ನ ಮುಂದೆ ಸಡಿಲ ಮಾಲು ಬೀಳುವುದು ಗ್ಯಾರಂಟಿ. ಹಾಗಾಗಿ ಯಾರಿಗೂ ಹೇಳಬಾರದೆಂದು ಹೆಂಡತಿಗೆ ತಾಕೀತು ಮಾಡಿದೆ.

ಹೇಳದೆ ಪಥ್ಯ ಮಾಡುವುದು ಎಂಥ ಕಿರಿಕಿರಿ ಎಂಬುದನ್ನು ಕೇಳಬೇಡಿ. ಹುನಗುಂದದ ರಸ್ತೆಯಲ್ಲಿ ನಡೆಯಲು ಹೊರಟರೆ ಹಿಂದಿನಿಂದ ಬಂದ ಚಕ್ಕಡಿಯೆಲ್ಲ ನಿಲ್ಲುತ್ತಿತ್ತು. ಸ್ಕೂಟರ್ ಮಾರಿದಿರೇನು, ವ್ಯಾಪಾರ ಕುಸಿಯಿತೇ ಎಂದು ವಿಚಾರಿಸುವವರು. ಹತ್ತದಿದ್ದರೆ ಅವರಿಗೆ ಅವಮಾನ, ಹತ್ತಿದರೆ ನನ್ನ ಎರಡು ಮೈಲಿಗೆ ಸಂಚಕಾರ. ಬಹಳ ಸಲ ಹತ್ತಿದೆ.

ಅದಕ್ಕಿಂತ ದೊಡ್ಡ ಪೀಡೆ ಚಹಾ. ನೇಕಾರರ ಮನೆಯಲ್ಲಿ ಚಹಾ ಕುಡಿದ ಮೇಲೇ ದರದ ಮಾತು. ಕಪ್ಪು ಮುಟ್ಟದೆ ಎದ್ದರೆ ಖರೀದಿಯ ಮನಸ್ಸಿಲ್ಲ, ಬೇರೆ ಕಡೆ ಮಾತಾಗಿದೆ ಎಂದೇ ಅರ್ಥ. ದಿನಕ್ಕೆ ಆರು ಮನೆ, ಆರು ಕಪ್ಪು. ಅದರಲ್ಲೂ ಶಂಕ್ರವ್ವನ ಚಹಾ ಇದೆಯಲ್ಲ, ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ಶಂಕ್ರವ್ವ ನನಗಿಂತ ಹಿರಿಯಳು. ಗಂಡ ಈರಪ್ಪ ಮಗ್ಗದ ಕುಣಿಯಲ್ಲಿ, ಆ ನೆಲದ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದ, ವ್ಯವಹಾರವೆಲ್ಲ ಅವಳದೇ. ನನ್ನನ್ನು ಚೌಕಾಸಿಯಲ್ಲಿ ಮಣಿಸಿದವಳು ಆ ಓಣಿಯಲ್ಲಿ ಅವಳೊಬ್ಬಳೇ. ಅವರ ಮನೆಯ ಕೊಂಡಿಯಂಥ ಕೊಂಡಿ ಮತ್ತೆಲ್ಲೂ ಇರಲಿಲ್ಲ, ಹಾಗಾಗಿ ಆ ಕಪ್ಪನ್ನು ತಪ್ಪಿಸುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ಹೆಂಡತಿ ಬಡಿದ ರೊಟ್ಟಿಯನ್ನು ದೊಡ್ಡ ವ್ರತಸ್ಥನಂತೆ ತಿನ್ನುತ್ತಿದ್ದೆ.

ಆರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಡಾಕ್ಟರರು ಚೀಟಿಯನ್ನು ನನ್ನ ಹೆಂಡತಿಯ ಕಡೆಗೆ ಸರಿಸಿದರು. ಹೊಸ್ತಿಲಲ್ಲಿ ನಿಂತದ್ದು ಒಳಗೆ ಬರಲು ಕಾಲೆತ್ತಿದೆ ಎಂದರು. ಅವಳು ನನ್ನನ್ನು ಬೈಯಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಮಾತ್ರ, "ಇಳೀರಿ, ತರ್ರಿ. ಇನ್ನೊಂದೀಟು ದಿನ ಕಣ್ಣಿಂದ ನೋಡಿ ತಿನ್ನಬಹುದು" ಎಂದಳು. ನಾನು ಇಳಿಯಲಿಲ್ಲ.

ಮರುದಿನ ಶಂಕ್ರವ್ವ ತಂದಿಟ್ಟ ಕಪ್ಪನ್ನು ಹಾಗೇ ಬಿಟ್ಟೆ. ಕೆನೆ ಕಟ್ಟಿತು. ಅವಳು ಅದನ್ನೇ ನೋಡುತ್ತಿದ್ದಳು.

"ಯಾಕ್ರಿ ಸಾವ್ಕಾರ್ರ, ಇವತ್ತ ಖರೀದಿ ಇಲ್ಲೇನು?"

ಹೇಳಿಬಿಟ್ಟೆ. ರಕ್ತ, ಹೊಸ್ತಿಲು, ಕಣ್ಣು, ಎಲ್ಲ. ಹೇಳುತ್ತಿರುವಾಗಲೇ ಮಗ್ಗದ ಸದ್ದು ನಿಂತಿತು. ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರಿಗೂ ಅದ ಐತ್ರಿ" ಎಂದಳು, ಕುಣಿಯತ್ತ ಕೈ ಮಾಡಿ. "ಕಣ್ಣು ಮಂಜಾಗಿ ಎರಡ ವರ್ಷ ಆತು. ಕೊಂಡಿ ನಾನ ಹಾಕಾಕತ್ತೇನಿ. ಗೊತ್ತಾದ್ರ ರೇಟ ಮುರೀತೀರಂತ ಹೇಳಲಿಲ್ಲ."

ಎರಡು ವರ್ಷ. ಕೊಂಡಿ ನೋಡಿ ಕೈ ಗುರುತಿಸುತ್ತೇನೆನ್ನುವ ನಾನು ಎರಡು ವರ್ಷ ಇವಳ ಕೈಯನ್ನು ಈರಪ್ಪನ ಕೈ ಎಂದು ಹೊಗಳುತ್ತ ಬಂದಿದ್ದೆ. ಆಗ ಕುಣಿಯೊಳಗಿಂದ ಈರಪ್ಪನ ಮಾತು ಬಂತು:

"ಸಾವ್ಕಾರ್ರ, ನೀವು ಕುಡೀತೀರಂತ ಜೋಡಿಗೆ ನಾ ಕುಡದೆ. ನಾ ಕುಡೀಲಿಲ್ಲಂದ್ರ ನಿಮಗ ಸಂಶೇ ಬರ್ತದಂತ. ನೀವ್ಯಾಕ ಕುಡದ್ರಿ?"

"ನೀವು ಕೊಟ್ರಿ ಅಂತ" ಎಂದೆ.

ಅವನು ನಕ್ಕ. ನಮಗೆ ನಗು ಬರಲಿಲ್ಲ. ಶಂಕ್ರವ್ವ ನನ್ನದು, ಅವನದು ಎರಡೂ ಕಪ್ಪು ಎತ್ತಿಕೊಂಡು ಹೋಗಿ, ಉಪ್ಪು ಹಾಕಿದ ಮಜ್ಜಿಗೆಯ ಎರಡು ಲೋಟ ತಂದಳು. ಕುಡಿದು ಇಟ್ಟ ಕೂಡಲೇ, "ಹೂಂ, ಈಗ ರೇಟ ಹೇಳ್ರಿ" ಎಂದಳು. ಆ ದಿನ ಅವಳು ಹೇಳಿದ ದರಕ್ಕೆ ಒಪ್ಪಿದೆ. ನನ್ನ ವ್ಯಾಪಾರದಲ್ಲಿ ಅಂಥದ್ದು ಮೊದಲ ಸಲ, ಕೊನೆಯ ಸಲವೂ ಹೌದು.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಎಲ್ಲರ ಮನೆಯಲ್ಲೂ ಮಜ್ಜಿಗೆ, ಜೊತೆಗೆ ಹಾಗಲಕಾಯಿ ರಸ, ನೆನೆಸಿದ ಮೆಂತ್ಯದ ಉಪದೇಶ. ಒಬ್ಬನೂ ಸಡಿಲ ಮಾಲು ಇಡಲಿಲ್ಲವೆಂದರೆ ಸುಳ್ಳಾದೀತು. ಒಬ್ಬಿಬ್ಬರು ಇಟ್ಟು ನೋಡಿದರು, ಬೈಸಿಕೊಂಡರು. ಚಕ್ಕಡಿಯವರು ನಿಲ್ಲಿಸುವುದನ್ನು ಬಿಟ್ಟು, "ನಡೀರಿ ನಡೀರಿ" ಎಂದು ಹುರಿದುಂಬಿಸತೊಡಗಿದರು. ಅದೂ ಒಂದು ಕಿರಿಕಿರಿಯೇ. ನಾಲ್ಕಕ್ಕೆ ನಾಲ್ಕೂ ಮೈಲಿ ನಡೆದೆ. ಕಾಲೆತ್ತಿದ್ದ ಬೇನೆ ಹೊಸ್ತಿಲಲ್ಲೇ ನಿಂತಿತು. ಈರಪ್ಪನಿಗೆ ಮಾತ್ರ ತಡವಾಗಿತ್ತು. ನಾಲ್ಕೈದು ವರ್ಷಕ್ಕೆ ಅವನ ಕಣ್ಣು ಪೂರ್ತಿ ಹೋದವು. ಆಮೇಲೂ ಶಂಕ್ರವ್ವ ಮುಗಿಸಿದ ಪ್ರತಿ ಸೀರೆಯ ಕೊಂಡಿಯನ್ನು ಬೆರಳಿನಿಂದ ಸವರಿ ನೋಡಿಯೇ ನನ್ನ ಕೈಗೆ ಕೊಡುತ್ತಿದ್ದ.

ಮೊನ್ನೆ ಅಂಗಡಿಯಲ್ಲಿ ನಾನೂ ಸೀರೆ ತಿರುವಿ ಕೊಂಡಿ ನೋಡಿದೆ. ಕನ್ನಡಕ ಇದೆ, ಆದರೂ ಕಂಡಿತು. "ಇಲ್ಲಿ ಎರಡ ಎಳಿ ತಪ್ಪ್ಯಾವು" ಎಂದೆ. ಆ ಹುಡುಗ ಬೆಳಕಿಗೆ ಹಿಡಿದ, ಕಣ್ಣು ಕಿರಿದು ಮಾಡಿದ, ಒಮ್ಮೆ ಉಜ್ಜಿಕೊಂಡು ಮತ್ತೆ ನೋಡಿದ. ಅವನಿಗೆ ಕಾಣಲಿಲ್ಲ. ರಕ್ತ ತೋರಿಸಿದ್ದೀಯಾ ಎಂದು ಕೇಳಿದೆ. ತನಗೇನಾಗಿದೆ, ಇನ್ನೂ ಮೂವತ್ತೈದು ಎಂದು ನಕ್ಕು, ತನ್ನ ಕಪ್ಪು ಎತ್ತಿಕೊಂಡ. ಅದು ವಿತೌಟ್ ಅಲ್ಲ.

"ತಮ್ಮಾ, ಆ ಚಾ ಕೆಳಗಿಡು. ಆಮ್ಯಾಲ ರೇಟ ಮಾತಾಡೂಣು" ಎಂದೆ.

ನನ್ನ ಮುಖ ನೋಡಿದ. ಮದುವೆಯ ಗಿರಾಕಿ, ಬಿಡುವ ಹಾಗಿಲ್ಲ. ಇನ್ನೊಂದು ಗುಟುಕು ಕುಡಿದು ಕೆಳಗಿಟ್ಟ. ಬಗ್ಗಿ ನೋಡಿದೆ. ಸರಿಯಾಗಿ ಅರ್ಧ ಕಪ್ಪು ಉಳಿದಿತ್ತು.